ನೆಲಮಾಳಿಗೆಯಲ್ಲಿ ಹನ್ನೊಂದು ಬೆಳಗು

ಕಳೆದ ವರ್ಷ ಮೇ ತಿಂಗಳ ಇಪ್ಪತ್ತೇಳನೇ ತಾರೀಖು, ಮಂಗಳವಾರ, ಬೆಳಗ್ಗೆ ಒಂಬತ್ತೂವರೆ ಗಂಟೆ. ಜರ್ಮನಿಯ ರೆನ್ನಿಂಗೆನ್ ಎಂಬ ಊರಿನಲ್ಲಿ ನನ್ನ ತಮ್ಮ ಬಾಡಿಗೆಗಿರುವ ಕಟ್ಟಡದ ನೆಲಮಾಳಿಗೆ. ಅಲ್ಲಿದ್ದವರು ಮೂವರು: ನಾನು, ತಮ್ಮ ಸುಧಾಕರ, ಮೇಲಿನ ಮಹಡಿಯ ಫ್ರಾವ್ (ಅಂದರೆ ಶ್ರೀಮತಿ) ಬೆಕ್ ಎಂಬ ಹೆಂಗಸು. ಆ ದಿನವನ್ನು ನಾನು ಮರೆತಿಲ್ಲ. ಅದನ್ನು ಸರಿಯಾಗಿ ಹೇಳಬೇಕಾದರೆ ಮೂರು ವಾರ ಹಿಂದಿನಿಂದ ಶುರು ಮಾಡಬೇಕು.

ನಾನು ಉಡುಪಿ ಕಡೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂವತ್ತೊಂದು ವರ್ಷ ವಾರ್ಡನ್ ಆಗಿದ್ದವಳು. ಅದಕ್ಕೂ ಮೊದಲು ಓದಿದ್ದು, ಬೆಳೆದದ್ದು ಬೋರ್ಡಿಂಗ್ ಶಾಲೆಯಲ್ಲಿ. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ಬೆಳಗ್ಗೆ ಐದಕ್ಕೆ ಕಣ್ಣು ತಾನಾಗಿ ತೆರೆಯುತ್ತದೆ. ಹಾಸ್ಟೆಲಿನಲ್ಲಿ ಒಂದು ಸಿಕ್ ರೂಮ್ ಇತ್ತು. ಪರೀಕ್ಷೆ ಹತ್ತಿರ ಬಂದಾಗ ಅದು ತುಂಬಿ ತುಳುಕುತ್ತಿತ್ತು. ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡು ಮೈ ಬಿಸಿ ಮಾಡಿಕೊಂಡವರನ್ನೂ ಥರ್ಮಾಮೀಟರನ್ನು ಚಹಾದಲ್ಲಿ ಅದ್ದಿದವರನ್ನೂ ನಾನು ಕಂಡಿದ್ದೇನೆ. ನಾಟಕ ಯಾವುದು, ನಿಜ ಯಾವುದು ಎಂದು ತಿಳಿಯಲು ನನ್ನದೇ ಒಂದು ಕ್ರಮವಿತ್ತು. ಸದ್ದಿಲ್ಲದೆ ಹೋಗಿ ಬಾಗಿಲ ಹೊರಗೆ ನಿಲ್ಲುತ್ತಿದ್ದೆ. ಯಾರೂ ನೋಡುತ್ತಿಲ್ಲ ಎಂದು ಗೊತ್ತಾದರೆ ನಾಟಕದ ಹುಡುಗಿ ಎದ್ದು ಕೂತು ಪಕ್ಕದವಳ ಜೊತೆ ನಗಾಡುತ್ತಾಳೆ. ಕಾಯಿಲೆ ನಿಜವಿದ್ದರೆ ನೋಡುವವರು ಇದ್ದರೂ ಇಲ್ಲದಿದ್ದರೂ ಅವಳು ಒಂದೇ ಥರ ಮಲಗಿರುತ್ತಾಳೆ. ಈ ಕ್ರಮ ಒಮ್ಮೆಯೂ ತಪ್ಪಿರಲಿಲ್ಲ.

ಸುಧಾಕರ ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಇಪ್ಪತ್ತು ವರ್ಷಗಳಿಂದ ಜರ್ಮನಿಯಲ್ಲಿದ್ದಾನೆ. ಒಂದು ಕಂಪನಿಯಲ್ಲಿ ಯಂತ್ರಗಳ ಪರೀಕ್ಷೆ ನಡೆಸುವ ವಿಭಾಗದಲ್ಲಿ ಇಂಜಿನಿಯರ್. ಹೆಂಡತಿ ಜ್ಯೋತಿ ಪಕ್ಕದ ಊರಿನ ಕಿಂಡರ್‌ಗಾರ್ಟನ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಮಗಳು ಬರ್ಲಿನ್‌ನಲ್ಲಿ ಓದುತ್ತಿದ್ದಾಳೆ. ನಮ್ಮ ಅಪ್ಪ ತೀರಿಕೊಂಡಾಗಲೂ ಸುಧಾಕರ ಲ್ಯಾಪ್‌ಟಾಪ್ ಹಿಡಿದುಕೊಂಡೇ ಊರಿಗೆ ಬಂದವನು. ಅಂಥವನು ಮಾರ್ಚ್‌ನಿಂದ ಕೆಲಸಕ್ಕೆ ಹೋಗದೆ ಮನೆಯಲ್ಲಿ ಕೂತಿದ್ದಾನೆ ಎಂದು ಏಪ್ರಿಲಿನಲ್ಲಿ ಜ್ಯೋತಿ ಫೋನ್ ಮಾಡಿದಳು. ಬರ್ನೌಟ್, ಅಂದರೆ ಕೆಲಸದ ಒತ್ತಡದಿಂದ ಬಂದ ಬಳಲಿಕೆ, ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ, ತಾನು ಕೆಲಸಕ್ಕೆ ಹೋದ ಮೇಲೆ ಅವರು ಒಬ್ಬರೇ ಆಗುತ್ತಾರೆ, ನೀವು ಎರಡು ತಿಂಗಳು ಬಂದು ಇರುತ್ತೀರಾ ಎಂದು ಕೇಳಿದಳು. ಅವಳ ದನಿ ಸಣ್ಣಗಿತ್ತು. ಬರುತ್ತೇನೆ ಎಂದೆ. ಫೋನಿಟ್ಟ ಮೇಲೆ ಮಾತ್ರ ನನ್ನಷ್ಟಕ್ಕೆ ಅಂದುಕೊಂಡೆ: ಮೂವತ್ತೊಂದು ವರ್ಷದಲ್ಲಿ ಈ ಹೆಸರಿನ ಕಾಯಿಲೆ ನನ್ನ ಸಿಕ್ ರೂಮಿಗೆ ಒಮ್ಮೆಯೂ ಬಂದಿಲ್ಲವಲ್ಲ.

ಮೇ ಮೂರಕ್ಕೆ ಅಲ್ಲಿ ಇಳಿದೆ. ಮೊದಲ ವಾರ ನಾನು ಹೆಚ್ಚು ಮಾತಾಡಲಿಲ್ಲ, ಬರೀ ಗಮನಿಸಿದೆ. ಜ್ವರವಿಲ್ಲ, ಕೆಮ್ಮಿಲ್ಲ, ಊಟ ಸರಿಯಾಗಿ ಹೋಗುತ್ತದೆ. ರಾತ್ರಿ ಒಟ್ಟು ಒಂಬತ್ತು ಗಂಟೆ ನಿದ್ದೆ, ಮಧ್ಯಾಹ್ನ ಮತ್ತೆ ಎರಡು ಗಂಟೆ. ಇಷ್ಟಾದರೂ ಕೇಳಿದರೆ ಸುಸ್ತು ಅನ್ನುತ್ತಾನೆ. ಡಾಕ್ಟರು ಬರೆದುಕೊಟ್ಟ ಔಷಧಿ ಏನು ಎಂದರೆ ಫೋನಿಲ್ಲದೆ ದಿನಕ್ಕೆ ನಲವತ್ತು ನಿಮಿಷ ಕಾಡಿನಲ್ಲಿ ನಡೆಯುವುದು, ಬಣ್ಣದ ಪೆನ್ಸಿಲಿನಲ್ಲಿ ಏನಾದರೂ ಗೀಚುವುದು, ಆಫೀಸಿನ ಯಾವುದನ್ನೂ ಮುಟ್ಟದಿರುವುದು. ಐವತ್ತೈದು ವರ್ಷದ ಗಂಡಸಿಗೆ ಬಣ್ಣದ ಪೆನ್ಸಿಲು. ನನಗೆ ಆ ಡಾಕ್ಟರ ಮೇಲೂ ಸಂಶಯ ಬಂತು.

ಒಂದು ದಿನ ಜ್ಯೋತಿ ಸುಧಾಕರನಿಗೆ ಖಾಲಿ ಬಾಟಲಿಗಳ ಚೀಲ ಕೊಟ್ಟು, ಬಾಟಲಿ ವಾಪಸು ತೆಗೆದುಕೊಂಡು ಹಣದ ಚೀಟಿ ಕೊಡುವ ಅಂಗಡಿಯ ಯಂತ್ರಕ್ಕೆ ಹಾಕಿ ಬರಲು ಹೇಳಿದ್ದಳು. ಇವನು ಹೋದ, ಅರ್ಧ ಗಂಟೆಯಲ್ಲಿ ಅದೇ ತುಂಬಿದ ಚೀಲ ಹಿಡಿದು ವಾಪಸು ಬಂದ. ಮೆಷಿನ್ ಹಾಳಾಗಿದೆ ಎಂದ. ನಾನು ಚಪ್ಪಲಿ ಮೆಟ್ಟಿಕೊಂಡು ಆ ಚೀಲವನ್ನೇ ಎತ್ತಿಕೊಂಡು ಹೋದೆ. ಯಂತ್ರ ಚೆನ್ನಾಗಿಯೇ ಇತ್ತು. ಮುಂದೆ ಐದಾರು ಜನ ಸಾಲು ನಿಂತಿದ್ದರು, ಒಂದೊಂದು ಬಾಟಲಿ ಹಾಕಿದಾಗಲೂ ಅದು ಕೀಂ ಎನ್ನುತ್ತಿತ್ತು, ಅಷ್ಟೆ. ಬಾಟಲಿಗಳನ್ನು ಹಾಕಿ, ಚೀಟಿ ತಂದು ಅವನೆದುರು ಮೇಜಿನ ಮೇಲಿಟ್ಟೆ. ಅವನು ಚೀಟಿಯನ್ನು ನೋಡಿ ಎದ್ದು ಕೋಣೆಗೆ ಹೋದ. ಸೋಮಾರಿತನ ಒಂದು, ಅದರ ಮೇಲೆ ಸುಳ್ಳು ಒಂದು ಎಂದು ನಾನು ತೀರ್ಮಾನಿಸಿದೆ.

ಆ ಕಟ್ಟಡದಲ್ಲಿ ನನಗೆ ಬಹಳ ಹಿಡಿಸಿದ್ದು ಕೇರ್‌ವೊಖೆ ಎಂಬ ಪದ್ಧತಿ. ಆ ಸೀಮೆಯಲ್ಲಿ ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು, ಓಣಿ, ನೆಲಮಾಳಿಗೆ ಎಲ್ಲ ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಸಣ್ಣ ಮರದ ಹಲಗೆ ನೇತು ಹಾಕುತ್ತಾರೆ, ವಾರ ಮುಗಿದ ಮೇಲೆ ಅದನ್ನು ಪಕ್ಕದ ಮನೆಯ ಬಾಗಿಲಿಗೆ ದಾಟಿಸುತ್ತಾರೆ. ಇಷ್ಟು ಒಳ್ಳೆಯ ವ್ಯವಸ್ಥೆ ನನ್ನ ಹಾಸ್ಟೆಲಿನಲ್ಲೂ ಇರಲಿಲ್ಲ. ಮೇ ಹನ್ನೆರಡರ ವಾರ ಹಲಗೆ ನಮ್ಮ ಬಾಗಿಲಿಗೆ ಬಂತು. ಈ ಕೆಲಸ ನನ್ನದು ಎಂದು ಜ್ಯೋತಿಗೆ ಹೇಳಿಬಿಟ್ಟೆ.

ಅಷ್ಟರಲ್ಲಿ ನನಗೆ ಇನ್ನೊಂದು ವಿಷಯ ಕಣ್ಣಿಗೆ ಬಿದ್ದಿತ್ತು. ಬೆಳಗ್ಗೆ ಏಳೂ ಹತ್ತಕ್ಕೆ ಜ್ಯೋತಿ ಹೊರಡುತ್ತಾಳೆ. ಒಂಬತ್ತಕ್ಕೆ ಸರಿಯಾಗಿ ಸುಧಾಕರ ಬಟ್ಟೆಯ ಬುಟ್ಟಿ ಎತ್ತಿಕೊಂಡು ಕೆಳಗೆ ಹೋಗುತ್ತಾನೆ. ಒಗೆಯುವ ಮೆಷಿನ್ ಇರುವುದು ನೆಲಮಾಳಿಗೆಯಲ್ಲಿ, ಅದು ಸರಿ. ಆದರೆ ಮೂರು ಜನರಿಗೆ ದಿನಾ ಒಗೆಯುವಷ್ಟು ಬಟ್ಟೆ ಎಲ್ಲಿಂದ? ಸೋಮವಾರ ನಾನು ಬುಟ್ಟಿಯ ತಳದಲ್ಲಿ, ಟವೆಲಿನ ಮಡಿಕೆಯೊಳಗೆ ಒಂದು ಸೇಫ್ಟಿ ಪಿನ್ ಇಟ್ಟೆ. ಒಂದೂವರೆ ಗಂಟೆ ಬಿಟ್ಟು ಬುಟ್ಟಿ ಮೇಲೆ ಬಂತು. ಪಿನ್ನು ಇಟ್ಟಲ್ಲೇ ಇತ್ತು, ಟವೆಲು ಒಣಗಿಯೇ ಇತ್ತು. ಸಿಗರೇಟಾ, ಕುಡಿತವಾ, ಇನ್ನೇನಾದರೂ ಇದೆಯಾ ಎಂದು ಆ ಮಧ್ಯಾಹ್ನವಿಡೀ ಯೋಚಿಸಿದೆ. ಅವನು ಮಲಗಿದ್ದಾಗ ಬಗ್ಗಿ ಉಸಿರು ಮೂಸಿಯೂ ನೋಡಿದೆ. ಏನೂ ಇರಲಿಲ್ಲ.

ಮಾರನೇ ದಿನ, ಹದಿಮೂರನೇ ತಾರೀಖು, ಪೊರಕೆ ಹಿಡಿದು ನಾನೂ ಇಳಿದೆ. ನಮ್ಮ ಸರದಿಯ ವಾರವಾದ್ದರಿಂದ ಯಾರೂ ಕೇಳುವಂತಿರಲಿಲ್ಲ. ಕೆಳಗೆ ಉದ್ದದ ಓಣಿ, ಅದರ ಎರಡೂ ಕಡೆ ಮರದ ಪಟ್ಟಿ ಹೊಡೆದ ಸಣ್ಣ ಸಣ್ಣ ಗೂಡುಗಳು, ಒಂದೊಂದು ಮನೆಗೆ ಒಂದೊಂದು. ಹಳೆ ಸಾಮಾನು, ಸೈಕಲ್ಲು ಇಡಲು. ನಮ್ಮ ಗೂಡಿನ ಪಟ್ಟಿಗಳ ನಡುವಿನಿಂದ ನೋಡಿದರೆ ಸುಧಾಕರ ಒಂದು ಸೂಟ್‌ಕೇಸಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆನ್ನು ಬಾಗಿಸಿ ಕೂತಿದ್ದ.

ನನ್ನನ್ನು ನೋಡಿ ಅವನ ಮುಖ ಬಿಳುಚಿತು. ಆಫೀಸಿನ ಲ್ಯಾಪ್‌ಟಾಪು ಅದು. ಕಣ್ಣಿಗೆ ಬೀಳಬಾರದೆಂದು ಜ್ಯೋತಿ ಕೆಳಗೆ ತಂದು ಸೂಟ್‌ಕೇಸಿನಲ್ಲಿ ಬಚ್ಚಿಟ್ಟಿದ್ದಳಂತೆ, ಇವನು ಹುಡುಕಿ ತೆಗೆದಿದ್ದ.

"ಜ್ಯೋತಿಗೆ ಹೇಳ್ಬೇಡ ಅಕ್ಕ," ಎಂದ. "ಆಫೀಸಿದ್ದು ಸ್ವಲ್ಪ ಬಾಕಿ ಉಂಟು. ಸಿಕ್ ಲೀವಿನಲ್ಲಿ ಕೆಲಸ ಮಾಡ್ಲಿಕ್ಕೆ ಇಲ್ಲ ಇಲ್ಲಿ. ಗೊತ್ತಾದ್ರೆ ದೊಡ್ಡ ವಿಷಯ ಆಗ್ತದೆ."

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನೆಮ್ಮದಿ. ಸಿಗರೇಟಲ್ಲ, ಬಾಟಲಿಯಲ್ಲ, ಕೆಲಸ. ಜೀವನವಿಡೀ ಕಾಯಿಲೆಯ ಹೆಸರು ಹೇಳಿ ಕೆಲಸ ತಪ್ಪಿಸುವವರನ್ನು ಹಿಡಿದವಳು ನಾನು. ಕಾಯಿಲೆಯ ರಜೆಯಲ್ಲಿ ಕದ್ದು ಕೆಲಸ ಮಾಡುವವನನ್ನು ಮೊದಲ ಸಲ ನೋಡಿದೆ, ಅವನು ನನ್ನ ತಮ್ಮನೇ ಆಗಿದ್ದ. ಹಾಗಾದರೆ ಇವನಿಗೆ ಏನೂ ಆಗಿಲ್ಲ, ಆ ಡಾಕ್ಟರು ಸುಮ್ಮನೆ ಕಟ್ಟಿ ಕೂರಿಸಿದ್ದಾರೆ ಎಂದುಕೊಂಡೆ. ಕೂತವನನ್ನು ಕೆಲಸವೇ ಎಬ್ಬಿಸುತ್ತದೆ ಎಂಬುದು ನನ್ನ ನಂಬಿಕೆಯಾಗಿತ್ತು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮಾತು ಕೊಟ್ಟದ್ದಷ್ಟೇ ಅಲ್ಲ, ವ್ಯವಸ್ಥೆಯನ್ನೂ ಮಾಡಿದೆ. ಎಂಟಕ್ಕೆ ದೋಸೆ, ಚಹಾ. ಒಂಬತ್ತಕ್ಕೆ ಕೆಳಗೆ. ಹತ್ತೂವರೆಗೆ ಮೇಲೆ. ಆ ಒಂದೂವರೆ ಗಂಟೆ ನಾನು ಓಣಿಯನ್ನು ಈ ತುದಿಯಿಂದ ಆ ತುದಿಗೆ ಗುಡಿಸುತ್ತಿದ್ದೆ. ಯಾರಾದರೂ ಸೈಕಲ್ ತೆಗೆಯಲೋ ಬಟ್ಟೆ ಒಗೆಯಲೋ ಇಳಿದು ಬಂದರೆ ಪೊರಕೆಯ ಹಿಡಿಯಿಂದ ಗೋಡೆಗೆ ಎರಡು ಸಲ ತಟ್ಟುವುದು, ಅವನು ಲ್ಯಾಪ್‌ಟಾಪ್ ಮುಚ್ಚುವುದು. ಆ ಓಣಿಯ ದೀಪ ಗುಂಡಿ ಒತ್ತಿದರೆ ಹತ್ತಿಕೊಂಡು ಮೂರು ನಿಮಿಷಕ್ಕೆ ತಾನಾಗಿ ಆರುತ್ತದೆ. ಗುಡಿಸುತ್ತ ಗುಡಿಸುತ್ತ ಅದನ್ನು ಒತ್ತುತ್ತಲೇ ಇರುತ್ತಿದ್ದೆ. ಹುಡುಗಿಯರು ತಪ್ಪಿಸಿಕೊಳ್ಳದಂತೆ ಮೂವತ್ತೊಂದು ವರ್ಷ ಗೇಟು ಕಾದವಳು ಈಗ ತಪ್ಪಿಸಿಕೊಂಡವನಿಗಾಗಿ ಕಾವಲು ನಿಂತೆ. ಒಳಗೆ ಹೋಗಿ ಅವನ ಹೆಗಲ ಮೇಲಿಂದ ಇಣುಕಿ ನೋಡಲಿಲ್ಲ. ಕೆಲಸ ಮಾಡುವವರಿಗೆ ತೊಂದರೆ ಕೊಡಬಾರದು ಎಂಬುದೂ ನನ್ನ ನಿಯಮಗಳಲ್ಲೊಂದು.

ಶನಿವಾರ, ಭಾನುವಾರ ಜ್ಯೋತಿ ಮನೆಯಲ್ಲಿರುವುದರಿಂದ ಕೆಳಗೆ ಹೋಗುವಂತಿರಲಿಲ್ಲ. ಹತ್ತೊಂಬತ್ತರ ಸೋಮವಾರಕ್ಕೆ ಹಲಗೆ ಮೇಲಿನ ಮಹಡಿಯ ಫ್ರಾವ್ ಬೆಕ್ ಅವರ ಬಾಗಿಲಿಗೆ ಹೋಯಿತು. ನಾನು ಗುಡಿಸುವುದನ್ನು ಬಿಡಲಿಲ್ಲ. ಫ್ರಾವ್ ಬೆಕ್ ಎಪ್ಪತ್ತು ದಾಟಿದವರು, ನೆಟ್ಟಗೆ ನಡೆಯುವ ಹೆಂಗಸು. ಗುರುವಾರ ಬಂದು ಎದೆಗೆ ಕೈಕಟ್ಟಿ ನಿಂತರು. ಗೋಡೆಗೆ ಎರಡು ಸಲ ತಟ್ಟಿ, "ಗುಟನ್ ಮೊರ್ಗನ್" ಎಂದೆ. ಅವರು ಮೇಲೆ ತಮ್ಮ ಬಾಗಿಲಿನ ಕಡೆಗೆ ಬೆರಳು ತೋರಿಸಿದರು: ಈ ವಾರ ನನ್ನದು. ನಾನು ನೆಲದ ಕಡೆ ಬೆರಳು ತೋರಿಸಿದೆ: ಧೂಳಿದೆ. ಅವರು ಕಿಟಕಿಯ ದಂಡೆಯ ಮೇಲೆ ಬೆರಳು ಎಳೆದು ನನ್ನ ಮೂಗಿನ ಹತ್ತಿರ ಹಿಡಿದರು. ಬೆರಳು ಸ್ವಚ್ಛವಾಗಿತ್ತು. ಇವಳೂ ಯಾವುದೋ ಹಾಸ್ಟೆಲಿನ ವಾರ್ಡನ್ನೇ ಇರಬೇಕು ಅನ್ನಿಸಿತು. ಅಂದಿನಿಂದ ಅವರು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ನನ್ನ ಕೈ ನೋಡುತ್ತಿದ್ದರು, ಪೊರಕೆ ಇದೆಯಾ ಎಂದು. ಇವಳು ಏನನ್ನೋ ಮೂಸುತ್ತಿದ್ದಾಳೆ ಎಂದು ನನಗೆ ಭಯ.

ಇಪ್ಪತ್ತೆಂಟನೇ ತಾರೀಖು ಬುಧವಾರ ಬೆಳಗ್ಗೆ ಎಂಟಕ್ಕೆ ಡಾಕ್ಟರ ಟೆರ್ಮಿನ್ ಇತ್ತು, ಅಂದರೆ ನಿಗದಿಯಾದ ಭೇಟಿ. ರಜೆ ಮುಂದುವರಿಸುವುದೋ ಕೆಲಸಕ್ಕೆ ಕಳಿಸುವುದೋ ಅಂದು ನಿರ್ಧಾರವಾಗಬೇಕು. ಮೊದಲು ದಿನಕ್ಕೆ ಎರಡು ಗಂಟೆ, ಆಮೇಲೆ ನಾಲ್ಕು, ಹೀಗೆ ನಿಧಾನಕ್ಕೆ ಏರಿಸುವ ಕ್ರಮ ಅಲ್ಲಿದೆ. ಸುಧಾಕರನಿಗೆ ಅದು ಬೇಡ, ಜೂನ್ ಎರಡರಿಂದ ಪೂರ್ತಿ ಕೆಲಸಕ್ಕೆ ಹೋಗುತ್ತೇನೆ ಎಂದು ಡಾಕ್ಟರಿಗೆ ಹೇಳಲು ಹೊರಟಿದ್ದ. ಎರಡು ಗಂಟೆಯ ಕೆಲಸ ಎಂದರೆ ಎಂತ ಕೆಲಸ, ಹೋಗುವುದಾದರೆ ಪೂರ್ತಿ ಹೋಗು ಎಂದು ಅವನಿಗೆ ಹೇಳಿಕೊಟ್ಟವಳು ನಾನೇ. ಜ್ಯೋತಿಗೆ ಮಾತ್ರ ಧೈರ್ಯ ಸಾಲಲಿಲ್ಲ. ಭಾನುವಾರ ಸಂಜೆ ಅಡುಗೆಮನೆಯಲ್ಲಿ ನನ್ನ ಹತ್ತಿರ ಕೇಳಿದಳು.

"ನಿಜ ಹೇಳಿ ಅಕ್ಕ. ದಿನವಿಡೀ ಅವರ ಜೊತೆ ಇರುವುದು ನೀವು. ಹೋದ್ರೆ ತಡ್ಕೊಳ್ತಾರಾ?"

"ಧಾರಾಳ ತಡ್ಕೊಳ್ತಾನೆ," ಎಂದೆ. "ನಾನು ದಿನಾ ನೋಡ್ತಾ ಇಲ್ವಾ?"

ಅವಳು ಉಸಿರು ಬಿಟ್ಟಳು. ನೀವು ಹೇಳಿದರೆ ಸರಿ, ಹಾಗಾದರೆ ನಾನು ಅಡ್ಡ ಬರುವುದಿಲ್ಲ ಎಂದಳು.

ಇನ್ನು ಆ ಮಂಗಳವಾರ. ಒಂಬತ್ತಕ್ಕೆ ಸುಧಾಕರ ಇಳಿದು ಹೋದ. ನಾನು ಪೊರಕೆ ಕೈಗೆತ್ತಿಕೊಳ್ಳುವಾಗ ಊರಿನಿಂದ ಫೋನ್ ಬಂತು. ಮಾತು ಮುಗಿಸಿ ಕೆಳಗಿಳಿಯುವಾಗ ಅರ್ಧ ಗಂಟೆ ತಡವಾಗಿತ್ತು. ಓಣಿಯಲ್ಲಿ ಕತ್ತಲೆ. ನಮ್ಮ ಗೂಡಿನಿಂದಲೂ ಬೆಳಕಿಲ್ಲ, ಸದ್ದಿಲ್ಲ. ಇವನು ಇಲ್ಲಿಲ್ಲ, ಎಲ್ಲಿಗೋ ಹೋಗಿದ್ದಾನೆ, ನನಗೂ ಮೋಸ ಮಾಡಿದ ಎಂಬುದೇ ನನ್ನ ಮನಸ್ಸಿಗೆ ಮೊದಲು ಬಂದದ್ದು. ಗುಂಡಿ ಒತ್ತಿದೆ.

ಅವನು ಅಲ್ಲೇ ಇದ್ದ. ಸೂಟ್‌ಕೇಸಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು, ಪರದೆ ಕಪ್ಪಾಗಿ ಎಷ್ಟು ಹೊತ್ತಾಗಿತ್ತೋ. ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ಆ ಕಪ್ಪು ಪರದೆಯನ್ನೇ ನೋಡುತ್ತ ಕೂತಿದ್ದ. ದೀಪ ಹತ್ತಿದ್ದೂ ಅವನಿಗೆ ಗೊತ್ತಾಗಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅಳುವ ಮುಖವಲ್ಲ, ಸುಮ್ಮನೆ ಇಳಿಯುತ್ತಿತ್ತು. ನಾನು ಪಟ್ಟಿಗಳ ಹೊರಗೆ ನಿಂತು ನೋಡಿದೆ. ಒಂದು ನಿಮಿಷ, ಎರಡು ನಿಮಿಷ. ಯಾರೂ ನೋಡುತ್ತಿಲ್ಲ ಎಂದುಕೊಂಡಿದ್ದ ನನ್ನ ತಮ್ಮ ಒಂದೇ ಥರ ಕೂತಿದ್ದ.

ನನ್ನದೇ ಪರೀಕ್ಷೆ ಅದು.

ಒಳಗೆ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟೆ. ಬೆಚ್ಚಿಬಿದ್ದ. ಕತ್ತಲಲ್ಲಿ ಎಂತ ಮಾಡ್ತಾ ಇದ್ದಿ ಎಂದು ಕೇಳಿದೆ. ಮೇಲ್ ಬರೆಯುತ್ತಿದ್ದೆ ಎಂದ. ತೋರಿಸು ಎಂದೆ. ಎರಡು ಸಲ ಪಾಸ್‌ವರ್ಡ್ ತಪ್ಪು ಒತ್ತಿ ಮೂರನೆಯ ಸಲ ತೆರೆದ. ನನಗೆ ಜರ್ಮನ್ ಬರುವುದಿಲ್ಲ, ಓದಿ ಹೇಳು ಎಂದೆ. ಅವನು ಓದಿದ. ಜೊತೆಗೆ ಕೆಲಸ ಮಾಡುವ ಥಾಮಸ್ ಎಂಬವನು ಮಾರ್ಚ್ ಕೊನೆಯಲ್ಲಿ ಕಳಿಸಿದ್ದು. ಸುಧಾಕರ್, ಬೇಗ ಹುಷಾರಾಗು, ಹಳೆಯ ಪರೀಕ್ಷೆಗಳ ಪಟ್ಟಿ ಯಾವ ಫೋಲ್ಡರಿನಲ್ಲಿದೆ ಗೊತ್ತಿದ್ದರೆ ಹೇಳು, ಅವಸರವಿಲ್ಲ. ಅಷ್ಟೇ ಇದ್ದದ್ದು. ಅದರ ಮೇಲೆ ಇವನು ಬರೆದ ಉತ್ತರ: ಪ್ರಿಯ ಥಾಮಸ್, ಮತ್ತು ಒಂದು ಅಲ್ಪವಿರಾಮ. ಮುಂದೆ ಖಾಲಿ.

"ಇವತ್ತು ಇಷ್ಟೇ ಬರೆದದ್ದಾ?"

"ದಿನಾ ಇಷ್ಟೇ."

"ಫೋಲ್ಡರ್ ಯಾವುದು ಅಂತ ನಿಂಗೆ ಗೊತ್ತಿಲ್ವಾ?"

"ಗೊತ್ತುಂಟು ಅಕ್ಕ. ಬಾಯಲ್ಲಿ ಹೇಳ್ತೇನೆ ಬೇಕಾದ್ರೆ. ಬರೀಲಿಕ್ಕೆ ಹೋದ್ರೆ ಕೈ ಬರುದಿಲ್ಲ. ಇದೊಂದು ಕಳಿಸಿದ್ರೆ ಉಳಿದದ್ದೆಲ್ಲ ಸರಿ ಆಗ್ತದೆ ಅಂತ ಕೂತ್ಕೊಳ್ತೇನೆ. ಹತ್ತೂವರೆ ಆಗ್ತದೆ, ನೀನು ಕರೀತಿ."

ನಾನು ಬೇರೆ ಏನೂ ತೋಚದೆ, ಹಾಗಾದರೆ ನೀನು ಹೇಳು, ನಾನು ಒತ್ತುತ್ತೇನೆ, ಈಗಲೇ ಕಳಿಸಿಬಿಡೋಣ ಎಂದೆ. ಅವನು ನನ್ನ ಮುಖ ನೋಡಿದ.

"ಇಲ್ಲಿ ನೆಟ್ ಬರುದಿಲ್ಲ ಅಕ್ಕ," ಎಂದ. "ಬರೆದ್ರೂ ಹೋಗುದಿಲ್ಲ. ಗೊತ್ತಿದ್ದೇ ಇಲ್ಲಿ ಬಂದು ಕೂರುವುದು."

ನನ್ನ ಫೋನೂ ಅಲ್ಲಿ ಒಮ್ಮೆಯೂ ಹೊಡೆದುಕೊಂಡಿರಲಿಲ್ಲ. ಕಾವಲಿಗೆ ಒಳ್ಳೆಯದಾಯಿತು ಎಂದುಕೊಂಡಿದ್ದೆ. ಹನ್ನೊಂದು ಬೆಳಗು ನಾನು ಕಾದದ್ದು 'ಪ್ರಿಯ ಥಾಮಸ್' ಎಂಬ ಎರಡು ಶಬ್ದವನ್ನು. ಇವನು ಕೆಲಸ ಮಾಡುತ್ತಿದ್ದಾನೆ ಎಂದು ಹಿಗ್ಗಿದವಳು, ತಡ್ಕೊಳ್ತಾನೆ ಎಂದು ಜ್ಯೋತಿಗೆ ಸಾಕ್ಷಿ ಹೇಳಿದವಳು, ಒಂದು ದಿನವಾದರೂ ಒಳಗೆ ಹೋಗಿ ಪರದೆಯ ಮೇಲೆ ಏನಿದೆ ಎಂದು ನೋಡಲಿಲ್ಲ. ನನಗೆ ಎಲ್ಲರ ಮೇಲೂ ಸಂಶಯವಿತ್ತು, ನನಗೆ ಬೇಕಾದ್ದನ್ನು ತೋರಿಸಿದ ಕಡೆ ಮಾತ್ರ ಇರಲಿಲ್ಲ.

ನಾವು ಎಷ್ಟು ಹೊತ್ತು ಹಾಗೆ ಕೂತಿದ್ದೆವು ಎಂದು ನನಗೆ ಹೇಳಲಾಗದು. ದೀಪ ಆರಲಿಲ್ಲ ಎಂಬುದು ಆಮೇಲೆ ಹೊಳೆಯಿತು. ಮೂರು ನಿಮಿಷಕ್ಕೆ ಆರಬೇಕಾದದ್ದು ಉರಿಯುತ್ತಲೇ ಇತ್ತು. ತಿರುಗಿ ನೋಡಿದರೆ ಮೆಟ್ಟಿಲಿನ ಬುಡದಲ್ಲಿ ಫ್ರಾವ್ ಬೆಕ್. ಸೊಂಟದ ಮೇಲೆ ಬಟ್ಟೆಯ ಬುಟ್ಟಿ, ಇನ್ನೊಂದು ಕೈಯ ಬೆರಳು ದೀಪದ ಗುಂಡಿಯ ಮೇಲೆ. ಸಿಕ್ಕಿಬಿದ್ದೆವು, ಇವಳು ಎಲ್ಲ ಕೇಳಿಸಿಕೊಂಡಳು ಎಂದುಕೊಂಡೆ. ಕನ್ನಡದಲ್ಲಿ ಆಡಿದ ಮಾತು ಅವರಿಗೆಲ್ಲಿ ತಿಳಿಯಬೇಕು ಎಂಬುದೂ ನೆನಪಾಗಲಿಲ್ಲ. ಅವರು ಹತ್ತಿರ ಬರಲಿಲ್ಲ. ದೀಪ ಆರುವ ಹೊತ್ತಿಗೆ ಇನ್ನೊಮ್ಮೆ ಒತ್ತಿದರು. ನಾನು ಸುಧಾಕರನ ತೋಳು ಹಿಡಿದು ಎಬ್ಬಿಸಿ, ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದಾಗ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟರು. ನಾವು ಮೇಲೆ ಮನೆಯ ಬಾಗಿಲು ತೆರೆಯುವವರೆಗೂ ಕೆಳಗೆ ಬೆಳಕಿತ್ತು. ಅವರು ಆ ದಿನದ ಬಗ್ಗೆ ಮುಂದೆ ಯಾವತ್ತೂ ಒಂದು ಮಾತು ಎತ್ತಲಿಲ್ಲ. ಯಾಕೆ ಎತ್ತಲಿಲ್ಲ ಎಂದು ನಾನು ಬಹಳ ದಿನ ಸಂಶಯಪಟ್ಟೆ.

ಮನೆಯಲ್ಲಿ ಅವನಿಗೆ ಬಿಸಿ ಗಂಜಿ ಕೊಟ್ಟೆ. ನಾಲ್ಕು ಚಮಚ ತಿಂದು ನಿಲ್ಲಿಸಿದ. ನಾಳೆ ಡಾಕ್ಟರ ಹತ್ತಿರ ನಾನು ಸರಿಯಿದ್ದೇನೆ ಎಂದೇ ಹೇಳುತ್ತೇನೆ, ನೀನು ಸುಮ್ಮನಿರಬೇಕು ಎಂದ. ಆಗುವುದಿಲ್ಲ ಎಂದೆ.

"ನೀನೇ ಅಲ್ವಾ ಹೇಳಿದ್ದು, ಪೂರ್ತಿ ಹೋಗು ಅಂತ?"

"ಹೌದು. ನಾನೇ ಹೇಳಿದ್ದು."

"ಅಲ್ಲಿ ಹೋಗಿ ಸೀಟಲ್ಲಿ ಕೂತ್ರೆ ಸರಿ ಆಗ್ತದೆ ಅಕ್ಕ."

"ಇಲ್ಲಿ ಕೂತದ್ದು ನೋಡಿದೆ ನಾನು," ಎಂದೆ.

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಕೊಟ್ಟ ಮಾತನ್ನು ಮುರಿಯುವ ಅಭ್ಯಾಸ ನನಗಿಲ್ಲ. ಮುರಿಯದಿದ್ದರೆ ಮುಂದಿನ ಸೋಮವಾರ ಇವನು ಕಪ್ಪು ಪರದೆಯ ಮುಂದೆ ಎಂಟು ಗಂಟೆ ಕೂರುತ್ತಾನೆ, ಅಲ್ಲಿಂದ ಇವನನ್ನು ಯಾವ ಸ್ಥಿತಿಯಲ್ಲಿ ಕರೆತರಬೇಕಾದೀತು ಎಂದು ಯೋಚಿಸಲೂ ನನಗೆ ಧೈರ್ಯವಿರಲಿಲ್ಲ.

ಮೂರೂವರೆಗೆ ಜ್ಯೋತಿ ಬಂದಳು. ಲ್ಯಾಪ್‌ಟಾಪ್ ಊಟದ ಮೇಜಿನ ಮೇಲಿತ್ತು. ಅದನ್ನು ನೋಡಿ ಬಾಗಿಲಲ್ಲೇ ನಿಂತಳು. ನಾನು ಎದ್ದು ನಿಂತು, ಮೊದಲಿನಿಂದ ಕೊನೆಯವರೆಗೆ ತಾರೀಖು ಸಮೇತ ಒಪ್ಪಿಸಿದೆ. ತಪ್ಪು ಮಾಡಿದ ಹುಡುಗಿಯರು ನನ್ನ ಮೇಜಿನ ಮುಂದೆ ಹೀಗೆಯೇ ಕೈಕಟ್ಟಿ ನಿಲ್ಲುತ್ತಿದ್ದರು. ಆ ಜಾಗ ಎಷ್ಟು ಕಷ್ಟದ್ದು ಎಂದು ಅರವತ್ತೊಂಬತ್ತನೇ ವಯಸ್ಸಿನಲ್ಲಿ ತಿಳಿಯಿತು.

ಅವಳು ಕೂಗಾಡಲಿಲ್ಲ. ಬೂಟು ಬಿಚ್ಚಿ ಬದಿಗಿಟ್ಟಳು, ಕುರ್ಚಿ ಎಳೆದು ಕೂತಳು.

"ಫ್ರಾವ್ ಬೆಕ್ ಕಳೆದ ವಾರವೇ ಕೇಳಿದ್ರು ಅಕ್ಕ. ನಿಮ್ಮವರು ಯಾಕೆ ದಿನಾ ಕೆಳಗೆ ಗುಡಿಸ್ತಾರೆ, ಎಂತಾದ್ರೂ ತೊಂದರೆ ಉಂಟಾ ಅಂತ. ಅವರಿಗೆ ಶಿಸ್ತು ಸ್ವಲ್ಪ ಜಾಸ್ತಿ ಅಂತ ಹೇಳಿ ನಾನೇ ನಗಾಡಿದೆ." ಲ್ಯಾಪ್‌ಟಾಪನ್ನು ಬದಿಗೆ ಸರಿಸಿ ಹೇಳಿದಳು: "ನಾನು ಇವರನ್ನ ನಿಮ್ಮ ಕೈಯಲ್ಲಿ ಬಿಟ್ಟು ಹೋದದ್ದು."



ಮರುದಿನ ಜ್ಯೋತಿಗೆ ರಜೆ ಸಿಗುವಂತಿರಲಿಲ್ಲ. ಸುಧಾಕರ ಒಬ್ಬನೇ ಹೋದರೆ ಸರಿಯಿದ್ದೇನೆ ಎಂದು ಹೇಳಿ ಬರುತ್ತಾನೆ. ನಾನು ಜೊತೆಗೆ ಹೋದರೂ ನನಗೆ ಅಲ್ಲಿಯ ಮಾತು ಬರುವುದಿಲ್ಲ. ಬರೆದು ಕೊಡೋಣ ಎಂದೆ. ಇದೊಂದು ಕೆಲಸ ನನಗೆ ಗೊತ್ತಿತ್ತು. ಎಷ್ಟೋ ಹುಡುಗಿಯರಿಂದ ಹೇಳಿಕೆ ಬರೆಸಿಕೊಂಡವಳು, ಐದು ಗಂಟೆಗೆ ನನ್ನದನ್ನೇ ಬರೆಯಲು ಕೂತೆ. ಯಾವ ದಿನ, ಎಷ್ಟು ಹೊತ್ತು, ಏನು ಕಂಡೆ. ಬಾಟಲಿಯ ಯಂತ್ರದ ವಿಷಯವನ್ನೂ ಬರೆದೆ. ಆ ಸಾಲಿನಲ್ಲಿ, ಆ ಸದ್ದಿನಲ್ಲಿ ನಿಲ್ಲಲಾಗದೆ ಬಂದಿದ್ದಾನೆಯೇ ಹೊರತು ಸುಳ್ಳು ಹೇಳಬೇಕೆಂದಲ್ಲ ಎಂಬುದು ಬರೆಯುವಾಗ ನನಗೆ ಅರ್ಥವಾಯಿತು. ನಾನು ಒಂದೊಂದು ವಾಕ್ಯ ಓದಿದಂತೆ ಜ್ಯೋತಿ ಅದನ್ನು ಜರ್ಮನ್‌ನಲ್ಲಿ ಬರೆದಳು. ಅವಳಿಗೆ ಸಿಟ್ಟು ಹೋಗಿರಲಿಲ್ಲ, ಅಕ್ಷರಗಳನ್ನು ಒತ್ತಿ ಒತ್ತಿ ಬರೆಯುತ್ತಿದ್ದಳು. ಒಂದು ಕಡೆ ಪೆನ್ನು ನಿಂತಿತು.

"ನಾನು ಹೊರಗೆ ಕಾವಲು ನಿಂತಿದ್ದೆ ಅಂತ ಬರೆದಿದ್ದೀರಿ. ಇದು ಬೇಡ ಅಕ್ಕ. ಡಾಕ್ಟ್ರಿಗೆ ಇದರಿಂದ ಎಂತ ಆಗ್ಬೇಕು?"

"ಬರಿ," ಎಂದೆ. "ಅವನೊಬ್ಬನೇ ಅಡಗಿಸಿದ್ದು ಅಂತ ಅವರು ತಿಳ್ಕೊಳ್ಬಾರ್ದು."

ಅವಳು ಬರೆದಳು. ಈ ಸಾಲನ್ನು ಒತ್ತಿ ಬರೆಯಲಿಲ್ಲ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಜೂನ್ ಎರಡಕ್ಕೆ ಅವನು ಕೆಲಸಕ್ಕೆ ಹೋಗಲಿಲ್ಲ. ಡಾಕ್ಟರು ರಜೆ ಮುಂದುವರಿಸಿದರು, ಕೆಲವು ವಾರ ಒಂದು ಆರೈಕೆ ಕೇಂದ್ರದಲ್ಲಿ ಇರಿಸಿದರು. ಚಳಿಗಾಲ ಬರುವ ಹೊತ್ತಿಗೆ ದಿನಕ್ಕೆ ಎರಡು ಗಂಟೆಯಿಂದ ಶುರು ಮಾಡಿದ. ಈಗ ವಾರದಲ್ಲಿ ನಾಲ್ಕು ದಿನ ಹೋಗುತ್ತಾನೆ, ಆಗಾಗ ಒಂದೆರಡು ದಿನ ಹೋಗಲಾಗುವುದಿಲ್ಲ. ಆ ದಿನಗಳಲ್ಲಿ ಫೋನ್ ಮಾಡಿದಾಗ ಇವತ್ತು ಯಾಕೆ ಹೋಗಲಿಲ್ಲ ಎಂದು ನನ್ನ ನಾಲಿಗೆಯ ತುದಿಗೆ ಬರುತ್ತದೆ. ಕೇಳುವುದಿಲ್ಲ. ಸಂಶಯಪಡುವ ಸ್ವಭಾವ ನನ್ನದು ಹೋಗಿಲ್ಲ, ಈ ವಯಸ್ಸಿನಲ್ಲಿ ಹೋಗುವುದೂ ಇಲ್ಲ. ಆದರೆ ಯಾರಾದರೂ ಸುಸ್ತು ಎಂದರೆ ಈಗ ಅವರ ಬಗ್ಗೆ ಸಂಶಯಪಡುವುದಕ್ಕಿಂತ ಮೊದಲು ನನ್ನ ಬಗ್ಗೆ ಒಮ್ಮೆ ಸಂಶಯಪಡುತ್ತೇನೆ.

ಆ ಸಂಜೆ ಏಳಕ್ಕೆ ಜರ್ಮನ್ ಹಾಳೆ ಮುಗಿಯಿತು. ಹೊರಗೆ ಇನ್ನೂ ಬಿಸಿಲಿತ್ತು. ಜ್ಯೋತಿ ಹೋಗಿ ಸುಧಾಕರನನ್ನು ಎಬ್ಬಿಸಿ ಕರೆತಂದಳು. ಅವನಿಗೆ ತಿಳಿಸದೆ ಇದನ್ನು ಕೊಡುವುದು ಬೇಡ ಎಂದು ನಾವಿಬ್ಬರೂ ಒಪ್ಪಿದ್ದೆವು. ಅವನು ಮೇಜಿಗೆ ಮೊಣಕೈ ಊರಿ ನಿಧಾನವಾಗಿ ಓದಿದ. ಎರಡನೆಯ ಸಲವೂ ಓದಿದ.

"ಹನ್ನೊಂದು ದಿನ ಅಲ್ಲ ಇದು," ಎಂದ. "ಅದು ನೀನು ನೋಡಿದ್ದು. ನಾನು ಏಪ್ರಿಲ್‌ನಿಂದ ಹೋಗ್ತಾ ಇದ್ದೇನೆ."

ಹಾಗಾದರೆ ನೀವೇ ಸೇರಿಸಿ ಎಂದು ಜ್ಯೋತಿ ಪೆನ್ನು ಕೊಟ್ಟಳು. ಅವನು ಹಾಳೆಯ ಮೇಲೆ ಪೆನ್ನು ಹಿಡಿದು ಕೂತ. ನಾವು ಕಾದೆವು. ಬಹಳ ಹೊತ್ತಾದ ಮೇಲೆ, ಆಗುದಿಲ್ಲ, ನೀನೇ ಬರಿ ಎಂದು ಪೆನ್ನು ವಾಪಸು ಕೊಟ್ಟ. ಅವಳು ಏಪ್ರಿಲ್‌ನಿಂದ ಎಂದು ಬರೆದಳು. ಕೆಳಗೆ ಸಹಿಯ ಜಾಗ ತೋರಿಸಿದಳು. ಅದನ್ನು ಅವನು ಹಾಕಿದ, ಒಂದೊಂದೇ ಅಕ್ಷರವಾಗಿ. ನಮ್ಮಲ್ಲಿ ಯಾರೂ ಅವಸರ ಮಾಡಲಿಲ್ಲ. ಅವನ ಸಹಿಯ ಕೆಳಗೆ ನನ್ನದು ಹಾಕಿ ತಾರೀಖು ಬರೆದೆ. ಜ್ಯೋತಿ ಹಾಳೆಯನ್ನು ಎರಡು ಮಡಿಕೆ ಮಾಡಿ ಲಕೋಟೆಯಲ್ಲಿಟ್ಟಳು, ಅಂಟಿಸುವ ಮೊದಲು ಒಮ್ಮೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಅಂಟಿಸಿದಳು.